ಗರಿಕೆ ಬೆಳೆಸೋಕೂ ಸಂಬಳ ಕೊಡ್ತಾರಾ?

ಗಾಲ್ಫ್ ಕೋರ್ಸಲ್ಲಿ ಕೆಲಸ ಸಿಕ್ಕಿತು ಅಂತ ಊರಿಗೆ ಹೋಗಿ ಹೇಳಿದಾಗ ಅಪ್ಪ ಕೇಳಿದ್ದು ಇದೇ ಮಾತು. ರಾಗಿ ಹೊಲದಲ್ಲಿ ಗರಿಕೆ ಕಿತ್ತೂ ಕಿತ್ತೂ ಸೊಂಟ ಬಿದ್ದುಹೋದ ಮನುಷ್ಯ. ಒಂದು ಗೆಣ್ಣು ಮಣ್ಣಲ್ಲಿ ಉಳಿದರೂ ಸಾಕು, ಮಳೆ ಬಿದ್ದ ಮೇಲೆ ಮತ್ತೆ ಹಬ್ಬುತ್ತದೆ ಅಲ್ವಾ.

ಗಾಲ್ಫಿನವರು ಬರ್ಮುಡಾ ಅನ್ನುವುದು ಇದೇ ಗರಿಕೆಯನ್ನು. ಕುಳಿ ಇರುವ ಗ್ರೀನ್‌ನಲ್ಲಿ ಹಾಕುವುದು ಇದಕ್ಕೂ ಆಫ್ರಿಕಾದ ಇನ್ನೊಂದು ಜಾತಿಗೂ ಹುಟ್ಟಿದ ತಳಿ. ಅದು ಬೀಜ ಕಟ್ಟುವುದಿಲ್ಲ. ಅಪ್ಪ ಬೈಯುತ್ತಿದ್ದ ಆ ಗೆಣ್ಣನ್ನೇ ತುಂಡು ಮಾಡಿ ನೆಡಬೇಕು!

ಆಮೇಲೆ ನೋಡಿ ನಮ್ಮ ಪಾಡು. ಅದನ್ನು 3–4 ಮಿಲಿಮೀಟರ್ ಎತ್ತರಕ್ಕೇ ನಿಲ್ಲಿಸಬೇಕು. ಅಷ್ಟು ಗಿಡ್ಡ ಕತ್ತರಿಸಿದರೆ ಬೇರು ಆಳಕ್ಕೆ ಇಳಿಯುವುದಿಲ್ಲ, ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನೀರು ತಪ್ಪಿದರೆ ಬಾಡುತ್ತದೆ, ಜಾಸ್ತಿಯಾದರೆ ಬೂಷ್ಟಿನ ರೋಗ. ಬೆಳಗಿನ ಜಾವ ಉದ್ದದ ಕೋಲಿನಿಂದ ಇಬ್ಬನಿ ಸವರಿ ಉದುರಿಸಬೇಕು. ಮಿಷನ್ ಬ್ಲೇಡ್ ಮೊಂಡಾದರೆ ಹುಲ್ಲು ಕತ್ತರಿಸುವ ಬದಲು ಸೀಳುತ್ತದೆ, ಎರಡು ದಿನಕ್ಕೆ ತುದಿಯೆಲ್ಲ ಬಿಳಚಿಕೊಂಡಿರುತ್ತದೆ. ತುಳಿದೂ ತುಳಿದೂ ನೆಲ ಗಟ್ಟಿಯಾದಾಗ ತೂತು ಹೊಡೆದು ಮರಳು ತುಂಬುತ್ತೇವೆ. ಆ ವಾರ ಆಡಲು ಬಂದವರ ಬೈಗುಳ ಕೇಳಬೇಕು, "ಚೆನ್ನಾಗಿದ್ದ ಗ್ರೀನ್ ಹಾಳು ಮಾಡಿದ್ರಲ್ರೀ!" (ಗಾಲ್ಫಿಗೆ ಇಷ್ಟು ನೀರು ಯಾಕೆ ಅನ್ನುವ ಜಗಳ ಬೇರೆ. ಅದರಲ್ಲಿ ನಾನೂ ನಿಮ್ಮ ಕಡೆಗೇ.)

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2015ರ ದಕ್ಷಿಣ ಆಫ್ರಿಕಾ ಟೆಸ್ಟ್ ನೆನಪಿದೆಯಾ? ಮೊದಲ ದಿನ ಬಿಟ್ಟರೆ ಪೂರ್ತಿ ನೀರುಪಾಲು. ಆಮೇಲೆ ಹುಲ್ಲಿನ ಕೆಳಗಿಂದ ನೀರು ಎಳೆಯುವ ಸಬ್‌ಏರ್ ಬಂತು, ಅದೂ ಗಾಲ್ಫ್ ಗ್ರೀನ್‌ಗೆಂದೇ ಹುಟ್ಟಿದ ತಂತ್ರ. 2024ರ ಮೇ 18ರಂದು ಆರ್‌ಸಿಬಿ–ಸಿಎಸ್‌ಕೆ ಪಂದ್ಯ ಮಳೆಯ ನಂತರ ಮತ್ತೆ ಶುರುವಾದಾಗ ಎಲ್ಲರ ಸ್ಟೇಟಸ್‌ನಲ್ಲೂ ಸಬ್‌ಏರ್ ಜಪ. ಸುಳ್ಳು ಯಾಕೆ, ನಾನೂ ಹಾಕಿದ್ದೆ. ಮಳೆಯಲ್ಲಿ ಕವರ್ ಎಳೆದುಕೊಂಡು ಓಡಿದ ಹುಡುಗರ ಸುದ್ದಿ ಎಷ್ಟು ಜನ ಹಾಕಿದಿರಿ?

2023ರ ಏಷ್ಯಾ ಕಪ್ ಫೈನಲ್‌ನಲ್ಲಿ ಸಿರಾಜ್ ತಮ್ಮ ಪಂದ್ಯಶ್ರೇಷ್ಠ ಬಹುಮಾನದ ದುಡ್ಡನ್ನು ಕೊಲಂಬೊ ಮೈದಾನದ ಕೆಲಸಗಾರರಿಗೆ ಕೊಟ್ಟರು. ದೊಡ್ಡ ಮನಸ್ಸು, ನಿಜ. ಆದರೆ ಇನಾಮು ಬೇರೆ, ತಿಂಗಳ ಸಂಬಳ ಬೇರೆ. ನಾನಿದ್ದ ಕಡೆ ನಾವೆಲ್ಲ ಕಂಟ್ರಾಕ್ಟ್ ಲೆಕ್ಕ. ಆರು ವರ್ಷವಾದರೂ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ "ಹೆಲ್ಪರ್" ಅಂತಲೇ ಇತ್ತು. ಬೆಳಗ್ಗೆ ಹುಲ್ಲಿನ ಬಣ್ಣ ನೋಡಿಯೇ ಇಲ್ಲಿ ರೋಗ ಏಳುತ್ತದೆ ಅಂತ ನಾನು ಹೇಳುತ್ತಿದ್ದೆ, ಔಷಧಿ ತರಿಸುತ್ತಿದ್ದದ್ದೂ ನನ್ನ ಮಾತಿನ ಮೇಲೆ. ಹಾಗಾದರೆ ನಾನು ಹೆಲ್ಪ್ ಮಾಡ್ತಿದ್ದದ್ದು ಯಾರಿಗೆ ಸ್ವಾಮಿ?