ಟವರ್ ಇಳಿಸುವ ಮೊದಲು ಫೋನನ್ನು ಕಿವಿಯಿಂದ ಇಳಿಸಿ

ಮುಂಬೈ ಪಕ್ಕದ ನಮ್ಮ ಡೊಂಬಿವಲಿ ಕಡೆ ಯಾವ ಹೌಸಿಂಗ್ ಸೊಸೈಟಿ ಮೀಟಿಂಗಿಗೆ ಹೋದರೂ ಎರಡು ಜಗಳ ಗ್ಯಾರಂಟಿ. ಒಂದು ಪಾರ್ಕಿಂಗ್, ಇನ್ನೊಂದು ಟೆರೇಸ್ ಮೇಲಿನ ಮೊಬೈಲ್ ಟವರ್. ಪಾರ್ಕಿಂಗ್ ಜಗಳಕ್ಕೆ ನಾನಿಲ್ಲ, ನಮ್ಮ ಹತ್ತಿರ ಗಾಡಿಯೇ ಇಲ್ಲ. ಟವರ್ ಬಗ್ಗೆ ಮಾತ್ರ ಬರೆಯಲೇಬೇಕು. ನಾನು ಹನ್ನೊಂದು-ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಮಾಡುವವಳು ಅಂತ ಬಿಲ್ಡಿಂಗಿಗೆಲ್ಲ ಗೊತ್ತು. ಹಾಗಾಗಿ ಲಿಫ್ಟಿನಲ್ಲಿ ಸಿಕ್ಕವರೆಲ್ಲ ಕೇಳುವುದು ಇದನ್ನೇ: "ಟೀಚರ್, ಈ ಟವರಿನ ರೇಡಿಯೇಷನ್ ಡೇಂಜರ್ ಅಲ್ವಾ?"

ಕೇಳುವವರ ಕಿವಿಯಲ್ಲೇ ಫೋನ್ ಇರುತ್ತದೆ. ಲಿಫ್ಟಿನ ಬಾಗಿಲು ಮುಚ್ಚಿಕೊಂಡರೂ "ಹಲೋ... ಹಲೋ... ಕೇಳ್ತಾ ಇದೆಯಾ?" ಅಂತ ಇನ್ನಷ್ಟು ಒತ್ತಿ ಹಿಡಿಯುತ್ತಾರೆ. ಟವರಿಂದ ಅವರ ತಲೆಗೆ ಇಡೀ ದಿನ ಬೀಳುವುದಕ್ಕಿಂತ ಜಾಸ್ತಿ ರೇಡಿಯೊ ಅಲೆ ಆ ಕಬ್ಬಿಣದ ಡಬ್ಬಿಯೊಳಗಿನ ಮಾತಿನಲ್ಲೇ ಬಿದ್ದಿರಬಹುದು.

ಯಾಕೆ ಅಂತ ಹೇಳುತ್ತೇನೆ. ಫೋನ್ ಸದಾ ಒಂದೇ ಜೋರಿನಲ್ಲಿ ಸಿಗ್ನಲ್ ಬಿಡುವುದಿಲ್ಲ. ಟವರ್ ಹತ್ತಿರ ಇದ್ದರೆ ಮೆಲ್ಲಗೆ ಬಿಡುತ್ತದೆ, ದೂರ ಇದ್ದರೆ ಅಥವಾ ನಡುವೆ ಗೋಡೆ, ಕಬ್ಬಿಣ ಅಡ್ಡ ಬಂದರೆ ಜೋರು ಮಾಡುತ್ತದೆ. 4ಜಿ ಫೋನಿನ ಗರಿಷ್ಠ ಶಕ್ತಿ ಸುಮಾರು 200 ಮಿಲಿವಾಟ್. ಸಿಗ್ನಲ್ ಚೆನ್ನಾಗಿದ್ದರೆ ಅದರ ಸಾವಿರದ ಒಂದು ಪಾಲಿಗಿಂತಲೂ ಕಡಿಮೆಯಲ್ಲಿ ಕೆಲಸ ಮುಗಿಸಬಲ್ಲದು. ಅಂದರೆ ಟವರ್ ದೂರ ಹೋದಷ್ಟೂ ನಿಮ್ಮ ಕಿವಿಯ ಪಕ್ಕದ ಟ್ರಾನ್ಸ್‌ಮಿಟರ್ ಜೋರಾಗುತ್ತದೆ. ಟವರ್ ತೆಗೆಸಿದವರು ಈ ಲೆಕ್ಕ ಹಾಕಿರುವುದೇ ಇಲ್ಲ.

ಊರಿಗೆ ಹೋಗುವಾಗ ಮತ್ಸ್ಯಗಂಧ ರೈಲಿನಲ್ಲಿ ನೋಡಿ. ರತ್ನಾಗಿರಿ ಹತ್ತಿರ ಕರ್ಬುಡೆ ಸುರಂಗ ಒಂದೇ 6.5 ಕಿಲೋಮೀಟರ್ ಇದೆ. ಸುರಂಗ ದಾಟಿ ಒಂದು ಕಡ್ಡಿ ಸಿಗ್ನಲ್ ಬಂತೋ ಇಲ್ಲವೋ, ಬೋಗಿಯ ಅರ್ಧ ಜನ ಫೋನ್ ಕಿವಿಗೆ ಹಿಡಿದಿರುತ್ತಾರೆ. "ಹಾಂ ಅಮ್ಮ, ಬೆಳಿಗ್ಗೆ ಮುಟ್ಟುತ್ತೇವೆ, ಗಂಜಿ ಮಾಡಿಡಿ" ಅನ್ನುವಷ್ಟರಲ್ಲಿ ಮುಂದಿನ ಸುರಂಗ. ಅದೇ ಮಾತನ್ನು ಮೆಸೇಜ್ ಮಾಡಿದರೆ ಫೋನು ಕಿವಿಯಿಂದ ಒಂದು ಅಡಿ ದೂರ ಇರುತ್ತದೆ, ಕೆಲಸವೂ ಕ್ಷಣದಲ್ಲಿ ಮುಗಿಯುತ್ತದೆ. ಅಮ್ಮನಿಗೆ ಮೆಸೇಜ್ ಓದಲು ಬರುವುದಿಲ್ಲ ಅಂದರೆ ಸ್ಪೀಕರಿನಲ್ಲಿ ಮಾತಾಡಿ. ಪಕ್ಕದ ಸೀಟಿನವರಿಗೆ ಹೇಗೂ ನಿಮ್ಮ ಮನೆ ವಿಷಯವೆಲ್ಲ ಗೊತ್ತಾಗಿಯೇ ಆಗಿದೆ.

ಇನ್ನು ಟೆರೇಸಿನ ಟವರ್. ನಮ್ಮಲ್ಲಿ ಜಾಸ್ತಿ ಗಲಾಟೆ ಮಾಡುವವರು ಮೇಲಿನ ಮಹಡಿಯವರು. ಆದರೆ ಆಂಟೆನಾ ಬಿಡುವ ಅಲೆ ಬ್ಯಾಟರಿ ಲೈಟನ್ನು ಅಡ್ಡ ಹಿಡಿದ ಹಾಗೆ ಮುಂದಕ್ಕೆ ಹೋಗುತ್ತದೆ, ಸ್ವಲ್ಪವೇ ಕೆಳಗೆ ಬಾಗಿರುತ್ತದೆ. ನೇರ ಕೆಳಗಿರುವ ಮನೆಗೆ ಬೀಳುವುದು ಕಡಿಮೆ, ನಡುವೆ ಸ್ಲ್ಯಾಬ್ ಬೇರೆ ಇದೆ. ಚಿಂತೆ ಮಾಡುವುದಾದರೆ ಆಂಟೆನಾ ಮುಖ ಮಾಡಿರುವ ಕಡೆ ಅದೇ ಎತ್ತರದಲ್ಲಿರುವ ಎದುರು ಬಿಲ್ಡಿಂಗಿನವರು ಮಾಡಬೇಕು. ಅವರು ಆರಾಮಾಗಿ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಿರುತ್ತಾರೆ, ಯಾಕೆಂದರೆ ಟವರ್ ಅವರ ಟೆರೇಸಿನಲ್ಲಿ ಇಲ್ಲವಲ್ಲ!

ಮುಂಬೈಗೆ ಈ ವಿಷಯ ಹೊಸದಲ್ಲ. ಪವಾಯಿಯ ಐಐಟಿಯ ಪ್ರೊಫೆಸರ್ ಗಿರೀಶ್ ಕುಮಾರ್ 2010ರಲ್ಲೇ ಟವರುಗಳ ಬಗ್ಗೆ ದೂರಸಂಪರ್ಕ ಇಲಾಖೆಗೆ ವರದಿ ಕೊಟ್ಟಿದ್ದರು. ಮಲಬಾರ್ ಹಿಲ್‌ನಲ್ಲಿ ನಟಿ ಜೂಹಿ ಚಾವ್ಲಾ ಗಲಾಟೆ ಎಬ್ಬಿಸಿದ್ದು ನಿಮಗೂ ನೆನಪಿರಬಹುದು. ಇಂಥ ಕೂಗಾಟ ಎಲ್ಲವೂ ಬರೀ ಭಯ ಅಂತ ನಾನು ಹೇಳುವುದಿಲ್ಲ. 2012ರ ಸೆಪ್ಟೆಂಬರಿನಿಂದ ನಮ್ಮ ದೇಶ ಟವರಿನ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿಗೆ ಇಳಿಸಿತು. 900 ಮೆಗಾಹರ್ಟ್ಸ್‌ನಲ್ಲಿ ಹೊರಗೆ 4.5 ವಾಟ್ ಇದ್ದದ್ದು ನಮ್ಮಲ್ಲಿ ಚದರ ಮೀಟರಿಗೆ 0.45 ವಾಟ್. ಅನುಮಾನ ಇದ್ದರೆ ಇಲಾಖೆಯ ತರಂಗ್ ಸಂಚಾರ್ ವೆಬ್‌ಸೈಟಿನಲ್ಲಿ ನಿಮ್ಮ ಗಲ್ಲಿಯ ಟವರ್ ನೋಡಬಹುದು, ಫೀಸು ಕಟ್ಟಿ ಮನೆ ಹತ್ತಿರ ಅಳತೆಯನ್ನೂ ಮಾಡಿಸಬಹುದು. ಮೀಟಿಂಗಿನಲ್ಲಿ ಗಂಟಲು ಹರಿದುಕೊಳ್ಳುವವರು ಯಾರೂ ಇದನ್ನು ಮಾಡಿಸಿದ್ದು ನಾನು ನೋಡಿಲ್ಲ.

ಹಾಗಾದರೆ ಕ್ಯಾನ್ಸರ್? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2011ರಲ್ಲಿ ರೇಡಿಯೊ ಅಲೆಗಳನ್ನು 2ಬಿ ಪಟ್ಟಿಗೆ ಸೇರಿಸಿತು. 'ಕಾರಣ ಆಗಿರಲೂಬಹುದು, ಆಧಾರ ಸಾಲದು' ಅನ್ನುವ ಪಟ್ಟಿ ಅದು. ಲೋಳೆಸರದ ಇಡೀ ಎಲೆಯ ಸಾರವೂ ಅದರಲ್ಲೇ ಇದೆ. ಆಮೇಲೆ 2024ರಲ್ಲಿ ಅದೇ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆಯಲ್ಲಿ ಫೋನಿಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ನನಗೆ ಇಷ್ಟು ಸಾಕು. ಹೆದರುವುದಿಲ್ಲ, ಆದರೆ ಖರ್ಚಿಲ್ಲದೆ ಕಡಿಮೆ ಮಾಡಿಕೊಳ್ಳಬಹುದಾದ್ದನ್ನು ಸುಮ್ನೆ ಯಾಕೆ ಜಾಸ್ತಿ ಮಾಡಿಕೊಳ್ಳಬೇಕು? ಅಂದ ಹಾಗೆ, ತುಂಬಾ ಹೊತ್ತು ಮಾತಾಡಿದಾಗ ಕಿವಿ ಬಿಸಿಯಾಗುವುದಕ್ಕೆ ಮುಖ್ಯ ಕಾರಣ ಅಲೆ ಅಲ್ಲ, ಫೋನಿನ ಬ್ಯಾಟರಿ ಮತ್ತು ಒಳಗಿನ ಚಿಪ್ಪಿನ ಶಾಖ.

ಹೊಸ ಫೋನ್ ತೆಗೆದುಕೊಳ್ಳುವಾಗ *#07# ಒತ್ತಿ ನೋಡಿ. ಹೆಚ್ಚಿನ ಫೋನುಗಳಲ್ಲಿ ಎಸ್‌ಎಆರ್ ಅಂಕಿ, ಅಂದರೆ ಫೋನಿನ ಅಲೆಯನ್ನು ನಮ್ಮ ಮೈ ಎಷ್ಟು ಹೀರಿಕೊಳ್ಳುತ್ತದೆ ಅನ್ನುವ ಅಳತೆ ಬರುತ್ತದೆ. ನಮ್ಮಲ್ಲಿ ಮಿತಿ ಕೆಜಿಗೆ 1.6 ವಾಟ್. ಆದರೆ ಅದು ಫೋನ್ ಪೂರ್ತಿ ಜೋರಿನಲ್ಲಿ ಇದ್ದಾಗಿನ ಅಳತೆ. 0.8ರ ಫೋನ್ ಹಿಡಿದು ಬೇಸ್‌ಮೆಂಟಿನಲ್ಲಿ ಗಂಟೆಗಟ್ಟಲೆ ಹರಟುವವರಿಗಿಂತ 1.2ರ ಫೋನ್ ಹಿಡಿದು ಕಿಟಕಿ ಪಕ್ಕ ನಿಂತು ಮಾತಾಡುವವರೇ ವಾಸಿ. ಇಯರ್‌ಫೋನ್ ಹಾಕಿಕೊಂಡರಂತೂ ತಲೆಗೆ ಬೀಳುವುದು ತುಂಬಾ ಇಳಿಯುತ್ತದೆ. ಬ್ಲೂಟೂತ್ ಆದರೂ ಕೆಲವೇ ಮಿಲಿವಾಟ್.

ನನಗೆ ನಿಜಕ್ಕೂ ಸಿಟ್ಟು ಬರುವುದು 'ರೇಡಿಯೇಷನ್ ತಡೆಯುವ ಚಿಪ್' ಅಂತ ಮಾರುವವರ ಮೇಲೆ. ಸಂಕ್ರಾಂತಿಯ ಹಳದಿ-ಕುಂಕುಕ್ಕೆ ಹೋದಾಗ ಎಳ್ಳುಂಡೆ ಜೊತೆಗೆ ಅದರ ಪ್ರಚಾರವೂ ಆಯಿತು. ಉಗುರಿನಷ್ಟು ದೊಡ್ಡ ಬಂಗಾರ ಬಣ್ಣದ ಸ್ಟಿಕ್ಕರ್. ಫೋನಿನ ಹಿಂದೆ ಅಂಟಿಸಿದರೆ ರೇಡಿಯೇಷನ್ ಪೂರಾ ಹೀರಿಕೊಳ್ಳುತ್ತದಂತೆ. "ಹಾಗಾದರೆ ಫೋನ್ ಬರುವುದು ಹೇಗೆ ಅಕ್ಕಾ?" ಅಂತ ಕೇಳಿದೆ. ಆಕೆ ನಕ್ಕು, "ಕೆಟ್ಟ ರೇಡಿಯೇಷನ್ ಮಾತ್ರ ಹೀರುತ್ತೆ" ಅಂದರು. ಕಾಲ್ ಬರುವುದೂ ಹೋಗುವುದೂ ಅದೇ ಅಲೆಯಲ್ಲೇ. ಅದನ್ನು ನಿಜವಾಗಿ ತಡೆದರೆ ಕಾಲ್ ಕಟ್ ಆಗಬೇಕು. ಅರ್ಧಂಬರ್ಧ ತಡೆದರೆ ಫೋನ್ ಸಿಗ್ನಲ್ ಸಾಲದು ಅಂದುಕೊಂಡು ಇನ್ನೂ ಜೋರು ಮಾಡುತ್ತದೆ. ಅಮೆರಿಕದ ಗ್ರಾಹಕ ರಕ್ಷಣೆಯ ಸಂಸ್ಥೆ ಎಫ್‌ಟಿಸಿ ಕೂಡ ಇದನ್ನೇ ಹೇಳಿ ಜನರನ್ನು ಎಚ್ಚರಿಸಿದೆ. ಅವತ್ತು ಅಲ್ಲಿ ಮೂರ್ನಾಲ್ಕು ಜನ ಕೊಂಡೇ ಕೊಂಡರು, ಅದು ಬೇರೆ ಮಾತು.

ಫೋನ್, ಟವರಿನ ಅಲೆ ಹಾಗಾಯಿತು; ವೈರಿನಲ್ಲಿ ಕರೆಂಟ್ ಹರಿಯುವಾಗ ಅದರ ಸುತ್ತ ಹುಟ್ಟುವ ಕಾಂತಕ್ಷೇತ್ರದ ಕಥೆ ಬೇರೆ. ಅದು ಗೋಡೆಗೆ ನಿಲ್ಲುವುದಿಲ್ಲ, ಆದರೆ ದೂರಕ್ಕೆ ಬೇಗ ಇಳಿಯುತ್ತದೆ. ನಮ್ಮ ಪುಟ್ಟ ಫ್ಲ್ಯಾಟುಗಳಲ್ಲಿ ಮಂಚದ ತಲೆಯ ಕಡೆ ಇರುವ ಗೋಡೆಯ ಆಚೆ ಏನಿದೆ ಅಂತ ಒಮ್ಮೆ ಹೋಗಿ ನೋಡಿ. ಇಡೀ ಬಿಲ್ಡಿಂಗಿನ ಮೀಟರ್ ರೂಮ್ ಇದ್ದರೆ, ಮಗು ಅಲ್ಲಿ ಮಲಗುತ್ತಿದ್ದರೆ, ಮಂಚ ತಿರುಗಿಸಿ ಹಾಕಿ. ಇಂಡಕ್ಷನ್ ಒಲೆಯ ಮೇಲೆ ಸಣ್ಣ ಕಾಫಿ ಪಾತ್ರೆ ಇಟ್ಟರೆ ಒಳಗಿನ ತಂತಿ ಸುರುಳಿಯ ಸುತ್ತ ಕಾಂತಕ್ಷೇತ್ರದ ಸೋರಿಕೆ ಜಾಸ್ತಿ, ಒಲೆಯ ಮೇಲಿನ ಗುರುತಿನಷ್ಟು ಅಗಲದ ಪಾತ್ರೆ ಇಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವ ಹಿರಿಯರು ಫೋನನ್ನು ಅಂಗಿಯ ಜೇಬಿನಲ್ಲಿ ಇಡಲೇಬಾರದು, ಕನಿಷ್ಠ 15 ಸೆಂಟಿಮೀಟರ್ ದೂರ ಬೇಕು. ಇದು ಭಯದ ಮಾತಲ್ಲ, ಡಾಕ್ಟರುಗಳೇ ಹೇಳುವುದು.

ಇಷ್ಟಾದರೂ ಟವರ್ ಬೇಡವೇ ಬೇಡ ಅನ್ನುವವರಿಗೆ ಒಂದು ಉಪಾಯ. ರೇಡಿಯೇಷನ್ ಬಿಡಿ, ಭಾರದ ಬಗ್ಗೆ ಕೇಳಿ. ನಮ್ಮ ಕಡೆಯ ಎಷ್ಟೋ ಬಿಲ್ಡಿಂಗು 30 ವರ್ಷ ದಾಟಿವೆ, ಮಳೆಗಾಲ ಬಂದರೆ ಮೇಲಿನ ಮನೆಯ ಸೀಲಿಂಗ್ ಸೋರುತ್ತದೆ. ಅಂಥ ಸ್ಲ್ಯಾಬಿನ ಮೇಲೆ ಕಂಬ, ಬ್ಯಾಟರಿ ಪೆಟ್ಟಿಗೆ ಎಲ್ಲ ಕೂರಿಸುವ ಮೊದಲು ಸ್ಟ್ರಕ್ಚರಲ್ ಆಡಿಟ್ ಮಾಡಿಸಿದ್ದೀರಾ, ಕಾಗದ ತೋರಿಸಿ ಅಂತ ಸೆಕ್ರೆಟರಿಯನ್ನು ಕೇಳಿ. ನಮ್ಮ ಸೊಸೈಟಿಯಲ್ಲಿ ಇನ್ನೂ ಯಾರೂ ಕೇಳಿಲ್ಲ. ಮುಂದಿನ ಮೀಟಿಂಗಿನಲ್ಲಿ ನಾನೇ ಕೇಳುತ್ತೇನೆ.