ಅಪ್‌ಡೇಟ್ ಬಂದ ಕೂಡ್ಲೇ ಹಾಕ್ಕೋಬೇಕಾ? ಪರ-ವಿರೋಧ

ಪರ: ಹಾಸನದ ಪದವಿ ಕಾಲೇಜೊಂದರ ಕಂಪ್ಯೂಟರ್ ಉಪನ್ಯಾಸಕಿ

ನನಗೆ ಪರ ಬರೀರಿ ಅಂದ್ರು, ಬರೀತಿದೀನಿ. ಅಪ್‌ಡೇಟ್ ಅಂದ್ರೆ ಕುಣಿದಾಡೋ ಪೈಕಿ ನಾನಲ್ಲ, ಪ್ರಾಕ್ಟಿಕಲ್ ಪರೀಕ್ಷೆ ದಿನ ಎಕ್ಸ್‌ಟರ್ನಲ್ ಬಂದು ಕೂತಿರುವಾಗ ಲ್ಯಾಬಿನ ಅರ್ಧ ಸಿಸ್ಟಮ್ ನೀಲಿ ಸ್ಕ್ರೀನ್ ತೋರಿಸ್ತಾ ಆಫ್ ಮಾಡಬೇಡಿ ಅಂತ ಕೂತ್ರೆ ಯಾರಿಗೆ ತಾನೇ ಕೋಪ ಬರಲ್ಲ. ಆದ್ರೂ ಮುಂದೂಡೋದಕ್ಕಿಂತ ಹಾಕ್ಕೊಂಡುಬಿಡೋದೇ ವಾಸಿ ಅನ್ನೋದಕ್ಕೆ ನನ್ನ ಹತ್ರ ಒಂದೇ ಒಂದು ಗಟ್ಟಿ ಕಾರಣ ಇದೆ, ಅದನ್ನೇ ತಿರುಗಿಸಿ ಮುರುಗಿಸಿ ಹೇಳ್ತೀನಿ.

ಏನಂದ್ರೆ, ಕಂಪನಿಯೋರು ಒಂದು ತಪ್ಪನ್ನ ಸರಿ ಮಾಡಿ ಪ್ಯಾಚ್ ಬಿಟ್ಟ ದಿನವೇ ಆ ತಪ್ಪು ಎಲ್ಲಿತ್ತು ಅನ್ನೋದು ಕೆಟ್ಟವರಿಗೂ ಗೊತ್ತಾಗುತ್ತೆ. ಹಳೇ ಫೈಲು ಹೊಸ ಫೈಲು ಎರಡನ್ನೂ ಪಕ್ಕದಲ್ಲಿಟ್ಟು ಯಾವ ಜಾಗದಲ್ಲಿ ಕೋಡ್ ಬದಲಾಗಿದೆ ಅಂತ ತೋರಿಸೋ ಟೂಲ್‌ಗಳಿವೆ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದ್ರೆ ಒಳಗೆ ನುಗ್ಗೋ ದಾರಿ ಸಿಗುತ್ತೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಪ್ಯಾಚ್ ಬಿಡುತ್ತೆ, ಅಮೆರಿಕದ ಹಗಲು ಅಂದ್ರೆ ನಮಗೆ ರಾತ್ರಿ, ಹಾಗಾಗಿ ನಾವು ನೋಡೋದು ಬುಧವಾರ ಬೆಳಿಗ್ಗೆ. ಆ ಬುಧವಾರದಿಂದ ನೀವು 'ಆಮೇಲೆ ನೆನಪಿಸು' ಅಂತ ಒತ್ತಿದ ಪ್ರತಿ ದಿನವೂ ಅವರಿಗೆ ಸಿಕ್ಕ ದಿನ.

2017ರ ವಾನಾಕ್ರೈ ಕತೆ ಗೊತ್ತಿರುತ್ತೆ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್. ಮಾರ್ಚ್ 14ಕ್ಕೆ ಪ್ಯಾಚ್ ಬಂತು, ಮೇ 12ಕ್ಕೆ ಆ ಹುಳ ಬಂತು. ಹತ್ತಿರ ಹತ್ತಿರ ಎರಡು ತಿಂಗಳು! ಸುಮಾರು 150 ದೇಶದಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಫೈಲುಗಳು ಲಾಕ್ ಆದ್ವು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳನ್ನ ಮುಂದಕ್ಕೆ ಹಾಕಿದ್ರು. ಪ್ಯಾಚ್ ಇತ್ತು, ಹಾಕಿರ್ಲಿಲ್ಲ. ಅದೇ ವರ್ಷ ಅಮೆರಿಕದ ಇಕ್ವಿಫ್ಯಾಕ್ಸ್ ಅನ್ನೋ ಸಾಲದ ಲೆಕ್ಕ ಇಡೋ ಕಂಪನಿಯಿಂದ 14 ಕೋಟಿಗೂ ಹೆಚ್ಚು ಜನರ ವಿವರ ಕಳುವಾಯ್ತು, ಅಲ್ಲೂ ಅಷ್ಟೇ, ಪ್ಯಾಚ್ ಮಾರ್ಚಲ್ಲೇ ಇತ್ತು, ಹಾಕಿರ್ಲಿಲ್ಲ.

ದೊಡ್ಡ ಕಂಪನಿ ವಿಷಯ ಬಿಡಿ, ಫೈಲ್ ಕುಗ್ಗಿಸಿ ಬಿಚ್ಚೋ ವಿನ್‌ರಾರ್ ತಗೊಳ್ಳಿ. ನಲವತ್ತು ದಿನದ ಟ್ರಯಲ್ ಮುಗಿದು ವರ್ಷಗಟ್ಟಲೆ ಆದ್ರೂ ಎಲ್ಲರ ಸಿಸ್ಟಮ್ಮಲ್ಲೂ ಓಡ್ತಾನೇ ಇರುತ್ತಲ್ಲ, ಅದೇ. ಅದರೊಳಗೆ ಏಸ್ ಅನ್ನೋ ಓಬೀರಾಯನ ಕಾಲದ ಫಾರ್ಮ್ಯಾಟ್ ಬಿಚ್ಚೋಕೆ ಅಂತ ಇದ್ದ ಒಂದು ಡಿಎಲ್‌ಎಲ್ ಫೈಲಲ್ಲಿ ದೋಷ ಇತ್ತು, 2019ರಲ್ಲಿ ಚೆಕ್ ಪಾಯಿಂಟ್ ಅನ್ನೋ ಸೆಕ್ಯುರಿಟಿ ಕಂಪನಿಯ ಸಂಶೋಧಕರು ಬಯಲು ಮಾಡಿದ್ರು, ಅಷ್ಟೊತ್ತಿಗೆ ಅದು ಸುಮಾರು 19 ವರ್ಷದಿಂದ ಅಲ್ಲೇ ಕೂತಿತ್ತು. ನೀವು ಫೈಲ್ ಎಕ್ಸ್‌ಟ್ರಾಕ್ಟ್ ಮಾಡಿದ್ರೆ ನೀವು ಹೇಳಿದ ಫೋಲ್ಡರ್ ಬಿಟ್ಟು ಸ್ಟಾರ್ಟಪ್ ಫೋಲ್ಡರ್‌ಗೆ ಒಂದು ಪ್ರೋಗ್ರಾಂ ಇಳಿದುಬಿಡೋ ಹಾಗೆ ಮಾಡಬಹುದಿತ್ತು, ಮುಂದಿನ ಸಲ ಕಂಪ್ಯೂಟರ್ ಆನ್ ಆದ್ರೆ ಅದೂ ಆನ್. 5.70ನೇ ಆವೃತ್ತಿಯಲ್ಲಿ ಏಸನ್ನೇ ಕಿತ್ತುಹಾಕಿದ್ರು. ಆದ್ರೆ ವಿನ್‌ರಾರ್ ತಾನಾಗಿ ಅಪ್‌ಡೇಟ್ ಆಗಲ್ಲ, ನಾವೇ ಹೋಗಿ ಹೊಸದು ತಂದು ಹಾಕ್ಬೇಕು, ನಮ್ಮೂರಲ್ಲಿ ಯಾರು ಹಾಕಿದ್ದಾರೆ ಹೇಳಿ ನೋಡೋಣ.

ಇನ್ನು ಕೆಲವರು, ಅದರಲ್ಲೂ ಡಿಟಿಪಿ ಅಂಗಡಿಯೋರು, ನಮ್ಮ ಮಷಿನ್‌ಗೆ ನೆಟ್ಟೇ ಕೊಟ್ಟಿಲ್ಲ ಮೇಡಂ ಅಂತಾರೆ. ಇರಾನಿನ ನಟಾಂಜ್ ಅಣು ಕೇಂದ್ರದ ಮಷಿನ್‌ಗಳಿಗೂ ಹೊರಗಿನ ನೆಟ್ ಇರ್ಲಿಲ್ಲ. ಆದ್ರೂ ಅಲ್ಲಿಗೆ ನುಗ್ಗಿದ, 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಅನ್ನೋ ವೈರಸ್ ಪೆನ್‌ಡ್ರೈವಿಂದಲೂ ಹರಡೋದು, ವಿಂಡೋಸಲ್ಲಿ ಶಾರ್ಟ್‌ಕಟ್‌ನ ಐಕಾನ್ ತೋರಿಸೋ ಕೋಡಲ್ಲೇ ತಪ್ಪಿತ್ತು, ಯಾವ ಫೈಲನ್ನೂ ಓಪನ್ ಮಾಡೋದೇ ಬೇಡ, ಫೋಲ್ಡರ್ ತೆಗೆದು ಐಕಾನ್ ಕಾಣಿಸಿದ್ರೆ ಮುಗೀತು. ಊರಿನ ಪೆನ್‌ಡ್ರೈವೆಲ್ಲ ದಿನಾ ಬಂದು ಚುಚ್ಚಿಸಿಕೊಂಡು ಹೋಗೋದು ಯಾವ ಅಂಗಡಿಯಲ್ಲಿ ಅಂತ ನಾನು ಹೇಳಬೇಕಾಗಿಲ್ಲ. ಇನ್ನೊಂದು ಮಾತು, ಅಪ್‌ಡೇಟ್ ಆಫ್ ಮಾಡಿಟ್ಟಿರೋರಲ್ಲಿ ಎಷ್ಟೋ ಜನ ಆಫ್ ಮಾಡಿರೋದು ಸಾಫ್ಟ್‌ವೇರ್ ದುಡ್ಡು ಕೊಡದೆ ಕ್ರ್ಯಾಕ್ ಹಾಕಿದ್ದು ಅನ್ನೋ ಕಾರಣಕ್ಕೆ, ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೇ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಸಪೋರ್ಟ್ ಮುಗಿದಿದೆ, ನಮ್ಮ ಲ್ಯಾಬಿನ ಹಳೇ ಪ್ರೊಸೆಸರ್‌ಗಳಿಗೆ 11 ಹತ್ತಲ್ಲ, ಚೆನ್ನಾಗಿ ಓಡ್ತಿರೋ ಮಷಿನ್‌ಗಳನ್ನ ಏನು ಮಾಡಬೇಕು ಅಂತ ನನ್ನನ್ನ ಕೇಳಿದ್ರೆ ಪರ ಬರೆಯೋ ಉತ್ಸಾಹ ಸ್ವಲ್ಪ ಇಳಿಯುತ್ತೆ ನಿಜ. ಅದಿರ್ಲಿ. ಬ್ರೌಸರ್ರು, ಫೋನು, ದುಡ್ಡಿನ ಆ್ಯಪು, ಇಷ್ಟಾದ್ರೂ ಬಂದ ದಿನವೇ ಹಾಕ್ಕೊಳ್ಳಿ. ಇಂಟರ್ನಲ್ಸ್ ಪೇಪರ್ ತಿದ್ದೋದು ಬಾಕಿ ಇದೆ, ನಾನು ಇಲ್ಲಿಗೆ ನಿಲ್ಲಿಸ್ತೀನಿ.

ವಿರೋಧ: ಡಿಟಿಪಿ ಅಂಗಡಿಯೋರು, ಸಂತೆಪೇಟೆ, ಹಾಸನ

ಮೇಡಂ ಬರೆದಿದ್ದು ಓದಿದೆ. ಅವರು ನಮ್ಮ ಗಿರಾಕಿನೇ, ಕಾಲೇಜ್ ಡೇ ಆಮಂತ್ರಣ ಎಲ್ಲ ನಮ್ಮಲ್ಲೇ ಮಾಡಿಸೋದು, ಗೌರವ ಇದೆ. ಆದ್ರೆ ಇರಾನಿನ ಅಣು ಸ್ಥಾವರ ಎಲ್ಲಿ, ಸಂತೆಪೇಟೆಯ ನನ್ನ ಅಂಗಡಿ ಎಲ್ಲಿ? ನಾನೇನು ಇಲ್ಲಿ ಯುರೇನಿಯಂ ಮಾಡ್ತಿದೀನಾ, ನಾಮಕರಣದ ಕಾರ್ಡ್ ಮಾಡ್ತಿದೀನಿ. ಅದನ್ನ ಕದ್ದು ಯಾರು ಏನು ಮಾಡ್ತಾರೆ? ಪೆನ್‌ಡ್ರೈವ್ ವಿಷಯಕ್ಕೆ ಆಮೇಲೆ ಬರ್ತೀನಿ.

ನನ್ನ ಮುಖ್ಯ ಮಷಿನ್ ವಿಂಡೋಸ್ ಎಕ್ಸ್‌ಪಿ. ನಗೋರು ನಗ್ಲಿ. ಅದರಲ್ಲಿ ಪುಟ ಜೋಡಿಸೋ ಪೇಜ್‌ಮೇಕರ್ 7, 2001ರಲ್ಲಿ ಬಂದಿದ್ದು, ಅದೇ ಕೊನೇದು, ಅಡೋಬಿಯೋರು ಆಮೇಲೆ ಮಾಡಲೇ ಇಲ್ಲ. ಜೊತೆಗೆ ಹಳೇ ನುಡಿ ಫಾಂಟು. ಪೇಜ್‌ಮೇಕರ್‌ಗೆ ಈಗ ಎಲ್ಲ ಕಡೆ ನಡೆಯೋ ಯೂನಿಕೋಡ್ ಅಕ್ಷರ ಪದ್ಧತಿ ಅಂದ್ರೇನು ಅಂತಾನೇ ಗೊತ್ತಿಲ್ಲ, ಹಳೇ ನುಡಿಗೆ ಅದು ಬೇಕೂ ಇಲ್ಲ, ಇಬ್ಬರೂ ಗಂಡ-ಹೆಂಡ್ತಿ ಥರ ಹೊಂದ್ಕೊಂಡಿದ್ದಾರೆ. ಹಾಸನ ಸುತ್ತಮುತ್ತಲಿನ ಎಷ್ಟು ಮನೆ ಮದುವೆ, ಎಷ್ಟು ತಿಥಿ, ಎಷ್ಟು ಸಹಕಾರ ಸಂಘದ ವಾರ್ಷಿಕ ವರದಿ ಆ ಮಷಿನ್‌ನಲ್ಲಿ ಕೂತಿದೆ ಗೊತ್ತಾ? ಹೋದ ವರ್ಷದ ವರದೀಲೇ ಇಸ್ವಿ ಬದಲಾಯಿಸಿ ಕೊಡಿ ಅಂತ ಬರ್ತಾರೆ ಸಂಘದೋರು, ಹತ್ತು ನಿಮಿಷದ ಕೆಲಸ. ಅದನ್ನೆಲ್ಲ ಹೊಸದಕ್ಕೆ ತಗೊಂಡೋಗಿ ಅಂತಾರೆ, ತಗೊಂಡೋಗಿ ನೋಡಿ, ಕನ್ವರ್ಟರ್ ಹಾಕಿದ್ರೆ ಅರ್ಕಾವತ್ತು ಒಂದು ಕಡೆ, ಒತ್ತು ಒಂದು ಕಡೆ, ಮಧ್ಯ ಇದ್ದ ಇಂಗ್ಲಿಷ್ ಹೆಸರು ಕನ್ನಡದ ಚಿತ್ರಾನ್ನ ಆಗಿರುತ್ತೆ, ಕೂತು ಪ್ರೂಫ್ ನೋಡೋರು ಯಾರು, ಅದಕ್ಕೆ ದುಡ್ಡು ಕೊಡೋರು ಯಾರು. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೇ ಸಪೋರ್ಟ್ ನಿಂತಿದೆ ಅಂತ ನನ್ನ ತಂಗಿ ಮಗ ಬೆಂಗಳೂರಿಂದ ಬಂದಾಗೆಲ್ಲ ಹೇಳ್ತಾನೆ, "ಮಾವ, ಇದನ್ನ ಮ್ಯೂಸಿಯಂಗೆ ಕೊಡಿ" ಅಂತಾನೆ. ನಿಂತಿದ್ದೇ ಒಳ್ಳೇದಾಯ್ತು ಕಣೋ, ನಿಂತ ಮೇಲೆ ಆ ಮಷಿನ್ ಒಂದು ದಿನಾನೂ ನನ್ನ ಕೆಲಸದ ಮಧ್ಯೆ ಬಾಯಿ ಹಾಕಿಲ್ಲ ಅಂದೆ.

ಈಗ ಅಪ್‌ಡೇಟ್ ಹಾಕ್ಕೊಂಡೋರ ಕತೆ ನೋಡೋಣ. 2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಅನ್ನೋ ಕಂಪನಿ, ಅದು ಮಾಡೋದೇ ಸೆಕ್ಯುರಿಟಿ ಸಾಫ್ಟ್‌ವೇರು, ತಾನೇ ಕಳಿಸಿದ ಒಂದು ಕೆಟ್ಟ ಫೈಲಿಂದ 85 ಲಕ್ಷ ವಿಂಡೋಸ್ ಮಷಿನ್ ಮಲಗಿಸ್ತು. ಕಳ್ಳ ಬರ್ಲಿಲ್ಲ, ವಾಚ್‌ಮನ್ನೇ ಬೀಗ ಜಡಿದು ಕೀ ನುಂಗಿದ. ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸ್ ಪೆನ್ನಲ್ಲಿ ಬರೆದುಕೊಟ್ರು, ಫೋಟೋ ಎಲ್ಲರೂ ನೋಡಿದೀರಿ. 78 ನಿಮಿಷದಲ್ಲಿ ಆ ಫೈಲನ್ನ ವಾಪಸ್ ತಗೊಂಡ್ರಂತೆ, ಅಂದ್ರೆ ಏನರ್ಥ, ಆ ಒಂದೂಕಾಲು ಗಂಟೆ ಕಂಪ್ಯೂಟರನ್ನ ಆಫ್ ಮಾಡಿ ಕಾಫಿ ಕುಡಿಯೋಕೆ ಹೋಗಿದ್ದೋನು ಬಚಾವ್, ಶಿಸ್ತಾಗಿ ಆನ್ ಇಟ್ಕೊಂಡಿದ್ದೋನು ಕೆಟ್ಟ. ಕೆಟ್ಟ ಮಷಿನ್‌ಗಳನ್ನ ಎಷ್ಟೋ ಕಡೆ ಒಂದೊಂದಾಗಿ ಸೇಫ್ ಮೋಡ್‌ಗೆ ಹಾಕಿ ಕೈಯಾರೆ ಫೈಲ್ ಡಿಲೀಟ್ ಮಾಡಬೇಕಾಯ್ತು.

2018ರ ಅಕ್ಟೋಬರಲ್ಲಿ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಒಂದು ಬಂದು ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರ್‌ನ ಫೈಲುಗಳೇ ಮಾಯ ಆದ್ವು, ಮೈಕ್ರೋಸಾಫ್ಟ್ ಅದನ್ನ ನಿಲ್ಲಿಸಬೇಕಾಯ್ತು. ಇನ್ನೂ ಕೇಳಿ, 2017ರ ಜೂನ್ 27, ನಾಟ್‌ಪೆಟ್ಯಾ ಅನ್ನೋ ವೈರಸ್. ಅದು ಹೊರಟಿದ್ದೇ ಉಕ್ರೇನಿನ ಒಂದು ಅಕೌಂಟಿಂಗ್ ಸಾಫ್ಟ್‌ವೇರಿನ ಅಪ್‌ಡೇಟ್ ಒಳಗಿಂದ! ನಮ್ಮಲ್ಲಿ ಟ್ಯಾಲಿ ಇದ್ದ ಹಾಗೆ ಅಲ್ಲಿ ಅದು, ಪಾಪ ಲೆಕ್ಕ ಬರೆಯೋರು ಹೇಳಿದ ಹಾಗೆ ಕೇಳಿ ಅಪ್‌ಡೇಟ್ ಒತ್ತಿದ್ರು. ಮುಂಬೈ ಪಕ್ಕದ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್ ಕೂಡ ಅದರಿಂದ ನಿಂತೋಯ್ತು. ಮೇಡಂ ವಾನಾಕ್ರೈ ಹೇಳಿದ್ರು, ಮರು ತಿಂಗಳೇ ಬಂದ ಇದನ್ನ ಯಾಕೆ ಬಿಟ್ರೋ ಗೊತ್ತಿಲ್ಲ.

ಅಳಿಯ ಹೇಳಿದ ಇನ್ನೊಂದು. ವಿಂಡೋಸ್ ಥರದ್ದೇ ಇನ್ನೊಂದು ಲಿನಕ್ಸ್, ಅದರಲ್ಲಿ ಎಕ್ಸ್‌ಝಡ್ ಅಂತ ಫೈಲ್ ಕುಗ್ಗಿಸೋ ಟೂಲು, ಅದನ್ನ ನೋಡ್ಕೊಳ್ತಿದ್ದವರ ಜೊತೆ ಒಬ್ಬ ವರ್ಷಗಟ್ಟಲೆ ಒಳ್ಳೆಯವನ ಹಾಗೆ ಕೆಲಸ ಮಾಡಿ, ನಂಬಿಕೆ ಗಳಿಸಿ, 2024ರಲ್ಲಿ ಹೊಸ ವರ್ಷನ್ ಒಳಗೇ ಕದ್ದು ನುಗ್ಗೋಕೆ ಹಿಂಬಾಗಿಲು ಇಟ್ಟ. ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಎಂಜಿನಿಯರ್, ಲಾಗಿನ್ ಯಾಕೋ ಅರ್ಧ ಸೆಕೆಂಡ್ ನಿಧಾನ ಆಗ್ತಿದೆಯಲ್ಲ ಅಂತ ತಲೆ ಕೆಡಿಸಿಕೊಂಡು ಕೆದಕಿದಕ್ಕೆ ಸಿಕ್ತು. 5.6.0 ಮತ್ತು 5.6.1, ಎರಡೇ ವರ್ಷನ್ನು, ಎರಡೂ ಆಗಿನ ಹೊಚ್ಚ ಹೊಸವು. ಹಳೇದು ಇಟ್ಕೊಂಡು ಸುಮ್ನಿದ್ದೋರಿಗೆ ಏನೂ ಆಗ್ಲಿಲ್ಲ. ಅರ್ಧ ಸೆಕೆಂಡ್ ಸಾರ್, ನಮ್ಮೂರ ನೆಟ್ಟಲ್ಲಿ ಅರ್ಧ ಗಂಟೆ ನಿಧಾನ ಆದ್ರೂ ಯಾರಿಗೂ ಅನುಮಾನ ಬರಲ್ಲ.

ಇವೆಲ್ಲ ಓದಿ ತಿಳ್ಕೊಂಡಿದ್ದು, ನನಗೆ ಮೈ ಉರಿದಿದ್ದು ಬೇರೆ ಕಾರಣಕ್ಕೆ. ಅಂಗಡಿಯಲ್ಲಿ ಒಂದು ಕಲರ್ ಪ್ರಿಂಟರ್ ಇದೆ, ಯಾವ ಕಂಪನಿ ಅನ್ನೋದು ಬೇಡ. ಕಂಪನಿ ಟೋನರ್ ರೇಟ್ ಕೇಳಿದ್ರೆ ಪ್ರಿಂಟರ್‌ನೇ ಇನ್ನೊಂದು ತರೋಣ ಅನ್ಸುತ್ತೆ, ಹಾಗಾಗಿ ನಾವೆಲ್ಲ ಹಾಕೋದು ಬೆಂಗಳೂರಿನ ಎಸ್‌ಪಿ ರೋಡಿಂದ ತರಿಸಿದ ಕಂಪ್ಯಾಟಿಬಲ್ ಕಾರ್ಟ್ರಿಡ್ಜು, ಚೆನ್ನಾಗೇ ಓಡ್ತಿತ್ತು. ಕೆಲಸದ ಹುಡುಗ ಮೊಬೈಲಿಂದ ಪ್ರಿಂಟ್ ಕೊಡೋಕೆ ಸಲೀಸು ಅಂತ ಅದನ್ನ ವೈಫೈಗೆ ಹಾಕಿದ್ದ. ಒಂದು ಬೆಳಿಗ್ಗೆ ಬಂದು ಆನ್ ಮಾಡ್ತೀನಿ, ಈ ಕಾರ್ಟ್ರಿಡ್ಜ್ ನಮ್ಮದಲ್ಲ, ಓಡಿಸಲ್ಲ ಅಂತ ಬರ್ತಿದೆ. ರಾತ್ರೋರಾತ್ರಿ ಫರ್ಮ್‌ವೇರ್, ಅಂದ್ರೆ ಪ್ರಿಂಟರ್ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಆಗಿದೆ! ಕೇಳಿದ್ದು ಯಾರು? ಒಪ್ಪಿದ್ದು ಯಾರು? ಎದುರಿಗೆ ದುದ್ದದಿಂದ ಬಂದ ಯಜಮಾನ್ರು ನಿಂತಿದ್ದಾರೆ, ಮನೆ ಗೃಹಪ್ರವೇಶ, ನೂರೈವತ್ತು ಕಾರ್ಡು, ಹಿಂದಿನ ದಿನವೇ ಪ್ರೂಫ್ ಒಪ್ಪಿದ್ದಾರೆ, ಅವತ್ತೇ ಹಂಚೋಕೆ ಹೊರಡಬೇಕು, ಕಾರು ಹೊರಗೆ ನಿಂತಿದೆ, ಕಾರಲ್ಲಿ ಮನೆ ಹೆಂಗಸರು ಅರಿಶಿನ ಕುಂಕುಮದ ತಟ್ಟೆ ಹಿಡ್ಕೊಂಡು ಕೂತಿದ್ದಾರೆ. ನಾನು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಆ ಹುಡುಗಿ ಬಹಳ ಮರ್ಯಾದೆಯಿಂದ, "ಸಾರ್, ಇದು ನಿಮ್ಮ ಸುರಕ್ಷತೆಗೋಸ್ಕರ ಮಾಡಿರೋ ಅಪ್‌ಡೇಟ್" ಅಂತಾಳೆ. ಯಾರ ಸುರಕ್ಷತೆ ತಾಯಿ? ನನ್ನ ಟೋನರ್‌ಗೆ ವೈರಸ್ ಬಂದಿತ್ತಾ? ವಾಪಸ್ ಹಳೇದಕ್ಕೆ ಹೋಗೋ ದಾರಿ ಹೇಳಮ್ಮ ಅಂದ್ರೆ ಅದು ಆಗಲ್ವಂತೆ. ಯಜಮಾನ್ರು ಪಾಪ ಒಳ್ಳೇವರು, ಬೈಲಿಲ್ಲ, ಫೈಲ್ ಹಾಕ್ಕೊಡಿ ಅಂದ್ರು, ಬಸ್ ಸ್ಟ್ಯಾಂಡ್ ಹತ್ರದ ಇನ್ನೊಂದು ಅಂಗಡಿಗೆ ಹೋಗಿ ಮಾಡಿಸಿಕೊಂಡ್ರು. ಈಗ ಅವರ ತಮ್ಮನ ಮಗಳ ಮದುವೆ ಕಾರ್ಡೂ ಅಲ್ಲೇ ಅಂತ ಕೇಳಿದೆ.

ಇದೇ ನನ್ನ ತಕರಾರು. ತೂತು ಮುಚ್ಚೋ ಪ್ಯಾಚನ್ನೂ, ಅವರ ವ್ಯಾಪಾರದ ಚಿಂತನೆಯನ್ನೂ, ನಾನು ಕೇಳದ ಜಾಹೀರಾತನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಸುರಕ್ಷತೆ ಅಂತ ಚೀಟಿ ಅಂಟಿಸ್ತಾರೆ, ಬಿಚ್ಚಿ ನೋಡಿ ಬೇಕಾದ್ದು ಮಾತ್ರ ತಗೊಳ್ಳೋ ಹಕ್ಕು ನಮಗಿಲ್ಲ. ನಮ್ಮೂರಲ್ಲೇ ಇಸ್ರೋದ ಎಂಸಿಎಫ್, ಅಂದ್ರೆ ಉಪಗ್ರಹ ನಿಯಂತ್ರಣ ಕೇಂದ್ರ ಇದೆ, 1982ರಿಂದ ಇಲ್ಲಿ ಕೂತೇ ಉಪಗ್ರಹ ನೋಡ್ಕೊಳ್ತಾರೆ, ಅವರು ಬಂತು ಅಂತ ಏನನ್ನೋ ಪರೀಕ್ಷೆ ಮಾಡದೇ ಮೇಲಕ್ಕೆ ಕಳಿಸ್ತಾರಾ? ನನ್ನ ಪ್ರಿಂಟರ್‌ಗೆ ಮಾತ್ರ ಆ ಭಾಗ್ಯ ಇಲ್ಲ.

ಲೈಸೆನ್ಸ್, ಕ್ರ್ಯಾಕ್ ಅಂತೆಲ್ಲ ಮೇಡಂ ಬರೆದಿದ್ದಾರೆ, ಅದು ಇಲ್ಲಿ ವಿಷಯ ಅಲ್ಲ, ಬಿಡಿ.

ಬಿಲ್ಲಿಂಗ್‌ಗೆ ಅಂತ ಇನ್ನೊಂದು ಮಷಿನ್ ಇದೆ, ಅದರಲ್ಲಿ ಫೋನ್‌ಪೇ ಲೆಕ್ಕ, ಜಿಎಸ್‌ಟಿ, ಇಮೇಲ್. ಅದಕ್ಕೆ ಅಳಿಯ ಅಪ್‌ಡೇಟ್ ಆನ್ ಮಾಡಿಟ್ಟಿದ್ದಾನೆ, ಆಫ್ ಮಾಡಿದ್ರೆ ಮುಂದಿನ ಸಲ ಬರಲ್ಲ ಅಂತ ಹೆದರಿಸಿದ್ದಾನೆ, ಅವನ ಮಾತು ಮೀರಲ್ಲ. ಅದನ್ನೂ ನಾನು ಎರಡು ವಾರ ತಡೆದು, ಬೇರೆಯೋರಿಗೆ ಏನೂ ಆಗಿಲ್ಲ ಅಂತ ನೋಡಿ ಆಮೇಲೇ ರೀಸ್ಟಾರ್ಟ್ ಮಾಡೋದು. ಎಕ್ಸ್‌ಪಿ ಮಷಿನ್‌ನ ಹಾರ್ಡ್‌ಡಿಸ್ಕ್ ಮಾತ್ರ ತಿಂಗಳಿಗೊಂದು ಸಲ ಪೂರ್ತಿ ಕಾಪಿ ಮಾಡಿ ಮನೇಲಿ ಬೀರುವಿನಲ್ಲಿ ಇಡ್ತೀನಿ, ವೈರಸ್ ಬರಲಿ ಅಪ್‌ಡೇಟ್ ಬರಲಿ ನನಗೆ ಎರಡೂ ಒಂದೇ.

ಸಂಪಾದಕರಿಗೆ ಒಂದು ಮಾತು. ಇದನ್ನ ನುಡಿಯಲ್ಲೇ ಟೈಪ್ ಮಾಡಿದೀನಿ, ಯೂನಿಕೋಡ್ ಮಾಡ್ಕೊಳ್ಳುವಾಗ ಅರ್ಕಾವತ್ತು ನೋಡ್ಕೊಳ್ಳಿ. ಫೈಲು ಪೆನ್‌ಡ್ರೈವಲ್ಲಿದೆ, ಹುಡುಗನ ಕೈಲಿ ಕಳಿಸ್ತಿದೀನಿ. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಥರ ಕಾಣಿಸಿದ್ರೆ ಗಾಬರಿ ಆಗ್ಬೇಡಿ, ಹಿಡನ್ ಫೈಲ್ಸ್ ಆನ್ ಮಾಡಿದ್ರೆ ಒಳಗೇ ಇರುತ್ತೆ.