ತ್ಯಾಗರಾಜರ ಕೃತಿ ಎಲ್ಲರದು, ಆದರೆ ಆ ಪುಟ ಯಾರದು?

ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ. ಅವರ ಕೃತಿಗಳ ಮೇಲೆ ಇಂದು ಯಾವ ದೇಶದಲ್ಲೂ ಯಾರಿಗೂ ಕಾಪಿರೈಟ್ ಇಲ್ಲ. ಈ ಒಂದು ಸಂಗತಿಯನ್ನೇ ಹಿಡಿದುಕೊಂಡು, ಮೊನ್ನೆ ಮೊನ್ನೆ ಅಚ್ಚಾದ ಸ್ವರಲಿಪಿ ಪುಸ್ತಕಗಳನ್ನೂ ಇಡಿಯಾಗಿ ಸ್ಕ್ಯಾನ್ ಮಾಡಿ ನಮ್ಮ ಸಂಗೀತದ ಗುಂಪುಗಳಲ್ಲಿ ಹಂಚುತ್ತಾರೆ. ನಾನಿರುವ ಜರ್ಮನಿಯಲ್ಲಿ ಪಾಡು ಇದಕ್ಕೆ ತದ್ವಿರುದ್ಧ. ಅಲ್ಲಿನ ಸಂಗೀತಕಾರ ಬಾಖ್ ತೀರಿಕೊಂಡು ಇನ್ನೂರೈವತ್ತು ವರ್ಷ ದಾಟಿದ್ದರೂ ಅವನ ಒಂದು ಪುಟವನ್ನು ಫೋಟೊಕಾಪಿ ಮಾಡಲು ಹಾಡುಗಾರರ ತಂಡಗಳು ಹಿಂದೆಮುಂದೆ ನೋಡುತ್ತವೆ. ಎರಡೂ ಕಡೆಯವರು ಅರ್ಧ ಸರಿ. ಪುಟ ಎಲ್ಲಿಂದ ಬಂತು ಎಂದು ಕೇಳುವ ಜರ್ಮನ್ನರ ಅಭ್ಯಾಸ ನಮಗೆ ಬೇಕು, ಅವರ ಅಂಜಿಕೆ ಬೇಡ.

ಸ್ವರಲಿಪಿಯ ಒಂದು ಪುಟದಲ್ಲಿ ಹಲವರ ಕೆಲಸ ಸೇರಿರುತ್ತದೆ. ಒಂದು ದೇವರನಾಮವನ್ನೇ ತೆಗೆದುಕೊಳ್ಳಿ. ಸಾಹಿತ್ಯ ಪುರಂದರದಾಸರದು, ಅದು ಮುಕ್ತ. ಆದರೆ ದಾಸರು ಹಾಡಿದ ಮಟ್ಟುಗಳಲ್ಲಿ ಬಹುಪಾಲು ನಮಗೆ ಉಳಿದು ಬಂದಿಲ್ಲ. ಇಂದು ಕಚೇರಿಯಲ್ಲಿ ಕೇಳುವ ರಾಗಸಂಯೋಜನೆ ಎಷ್ಟೋ ಸಲ 20ನೇ ಶತಮಾನದ ವಿದ್ವಾಂಸರದು. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆ ಸಾಹಿತ್ಯವನ್ನೂ ಸಂಗೀತವನ್ನೂ ಬೇರೆ ಬೇರೆ ಕೃತಿಗಳಾಗಿ ನೋಡುತ್ತದೆ. ಮೊದಲು ಬರಹಕ್ಕಿಳಿದ ಸಂಗೀತಕ್ಕೆ ಮಾತ್ರ ರಕ್ಷಣೆಯಿತ್ತು. 1994ರ ತಿದ್ದುಪಡಿಯ ನಂತರ ಬರೆಯದೆ ಬರೀ ಹಾಡಿದ ಮಟ್ಟಿಗೂ ರಕ್ಷಣೆ ಸಿಕ್ಕಿದೆ. ಹಾಗಾಗಿ ಧ್ವನಿಮುದ್ರಿಕೆ ಕೇಳಿ ನೀವೇ ಕೂತು ಸ್ವರ ಹಾಕಿದರೂ ಆ ಮಟ್ಟು ನಿಮ್ಮದಾಗುವುದಿಲ್ಲ.

ಕೃತಿಗಳಲ್ಲಿ ಇದೇ ತೊಡಕು ಚಿಟ್ಟೆಸ್ವರದ, ಅಂದರೆ ಹಾಡಿನ ನಡುವೆ ಸೇರಿಸಿ ಹಾಡುವ ಸ್ವರಗುಚ್ಛದ ರೂಪದಲ್ಲಿ ಬರುತ್ತದೆ. ಪಲ್ಲವಿ, ಅನುಪಲ್ಲವಿ, ಚರಣ ಹಳೆಯವು. ನಡುವೆ ಕೂತ ಚಿಟ್ಟೆಸ್ವರ ಮಾತ್ರ ಎಷ್ಟೋ ಸಲ ಈಚಿನ ವಿದ್ವಾಂಸರು ರಚಿಸಿ ಸೇರಿಸಿದ್ದು. ಪುಸ್ತಕದಲ್ಲಿ ಎಲ್ಲ ಒಂದೇ ಅಚ್ಚಿನಲ್ಲಿರುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಚಿಟ್ಟೆಸ್ವರ ಯಾರದೆಂದು ತಿಳಿಯದಿದ್ದರೆ ಅದನ್ನು ಬಿಟ್ಟು ಉಳಿದದ್ದನ್ನು ಹಂಚುವುದೇ ಮೇಲು. ಕೃತಿಗೆ ಅದರಿಂದ ಊನವಿಲ್ಲ.

ಲೆಕ್ಕ ಹಾಕುವುದು ಸುಲಭ. ಭಾರತದಲ್ಲಿ ರಚನಕಾರರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ. ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2022ರ ಜನವರಿ 1ರಿಂದ ಎಲ್ಲರ ಸ್ವತ್ತು. ಪಾಪನಾಶಂ ಶಿವನ್ 1973ರಲ್ಲಿ ತೀರಿಕೊಂಡರು. ಅವರ ಕೃತಿಗಳಿಗೆ 2033ರ ಕೊನೆಯವರೆಗೆ ಅನುಮತಿ ಬೇಕು. ವಿದ್ವಾಂಸರು ಹೋದ ಮೇಲೆ ಪೆಟ್ಟಿಗೆಯಲ್ಲಿ ಸಿಕ್ಕ ನೋಟ್‌ಬುಕ್ಕಿನ ಲೆಕ್ಕವೇ ಬೇರೆ. ಬದುಕಿದ್ದಾಗ ಪ್ರಕಟವಾಗದ ರಚನೆಗೆ ಕಲಂ 24ರ ಪ್ರಕಾರ, ಮೊದಲು ಪ್ರಕಟವಾದ ವರ್ಷದಿಂದ 60 ವರ್ಷ ಎಣಿಸಬೇಕು. ಆದರೆ ಸಾರ್ವಜನಿಕ ಕಚೇರಿಯಲ್ಲಿ ಹಾಡಿದ್ದರೆ, ಅಥವಾ ಅದರ ರೆಕಾರ್ಡ್ ಮಾರಾಟಕ್ಕೆ ಬಂದಿದ್ದರೆ, ಅದನ್ನೂ ಇಲ್ಲಿ ಪ್ರಕಟಣೆ ಎಂದೇ ಗಣಿಸುತ್ತಾರೆ. ಹಳೆಯ ಕಚೇರಿಗಳ ಕರಪತ್ರಗಳನ್ನು ಜೋಪಾನವಾಗಿಡಲು ಇದೂ ಒಂದು ಕಾರಣ: ಯಾವ ವರ್ಷ ಏನು ಹಾಡಿದರು ಎಂಬುದಕ್ಕೆ ಅವೇ ಸಾಕ್ಷಿ.

ಇನ್ನು ಸಂಪಾದಕರ ವಿಷಯ. ಇಲ್ಲಿ ಜರ್ಮನಿಯ ಕಾನೂನು ನಮಗಿಂತ ಮುಂದಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಹಕ್ಕು ಮುಗಿದ ಕೃತಿಯ ಹಸ್ತಪ್ರತಿಗಳನ್ನು ಹೋಲಿಸಿ, ಪಾಠಾಂತರ ತೂಗಿ, ಹಿಂದಿನವಕ್ಕಿಂತ ಗಣನೀಯವಾಗಿ ಬೇರೆಯಾದ ಆವೃತ್ತಿ ತಂದರೆ ಅಲ್ಲಿನ ಕಲಂ 70 ಅದಕ್ಕೆ 25 ವರ್ಷದ ರಕ್ಷಣೆ ಕೊಡುತ್ತದೆ. 1999ರಲ್ಲಿ ಬಂದ ಅಂಥ ಆವೃತ್ತಿಯ ಶುದ್ಧಪಾಠ 2024ರ ಕೊನೆಗೆ ಮುಕ್ತವಾಯಿತು. ಮುನ್ನುಡಿ, ಸಂಪಾದಕರು ತಾವೇ ರಚಿಸಿ ಸೇರಿಸಿದ ಪಕ್ಕವಾದ್ಯದ ಭಾಗ ಇಂಥವಕ್ಕೆ ಮಾತ್ರ ಅವರ ಜೀವಿತದ ನಂತರ 70 ವರ್ಷದ ಪೂರ್ಣ ಅವಧಿ. ದುಡಿದವರಿಗೆ ಒಂದು ತಲೆಮಾರಿನಷ್ಟು ಫಲ, ಆಮೇಲೆ ಎಲ್ಲರಿಗೂ. ಭಾರತದಲ್ಲಿ ಈ ನಡುದಾರಿ ಇಲ್ಲ. ಬರೀ ಶ್ರಮ ಸಾಲದು, ಕೌಶಲ ಮತ್ತು ವಿವೇಚನೆಯ ಜತೆ ಕಿಂಚಿತ್ತಾದರೂ ಸೃಜನಶೀಲತೆ ಇರಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಹೇಳಿತು. ಹೀಗಾಗಿ ಸಂಪಾದಕರಿಗೆ ಒಂದೋ ಏನೂ ಇಲ್ಲ, ಇಲ್ಲವೇ ಜೀವಿತದ ನಂತರ 60 ವರ್ಷ. ಯಾವುದು ಎಂಬುದು ಕೋರ್ಟಿಗೆ ಹೋದಾಗಲೇ ಗೊತ್ತು. ಹಸ್ತಪ್ರತಿ ಶೋಧಿಸುವ ವಿದ್ವಾಂಸರಿಗೂ ಇದು ಅನ್ಯಾಯ, ಹಂಚಿಕೊಳ್ಳುವವರಿಗೂ ಗೊಂದಲ. 25 ವರ್ಷದ ನಿಯಮ ನಮ್ಮಲ್ಲೂ ಬರಬೇಕು.

ಆದರೆ ಜರ್ಮನಿಯ ಎಲ್ಲವೂ ಒಪ್ಪುವಂಥದ್ದಲ್ಲ. ರಕ್ಷಣೆಯಿರುವ ಸಂಗೀತದ ಪುಟವನ್ನು ಸ್ವಂತ ಅಭ್ಯಾಸಕ್ಕೆ ಫೋಟೊಕಾಪಿ ಮಾಡಲೂ ಅಲ್ಲಿ ಅನುಮತಿ ಬೇಕು. ಕೈಯಲ್ಲಿ ಬರೆದುಕೊಂಡರೆ ಮಾತ್ರ ಬೇಡ. ಶಿಶುವಿಹಾರಗಳು ಮಕ್ಕಳ ಹಾಡಿನ ನಕಲಿಗೂ ಪರವಾನಗಿ ಶುಲ್ಕ ಕಟ್ಟಬೇಕೆಂದು ಕೇಳಿದ ಕಾಲವೂ ಇತ್ತು. ನಮ್ಮ ಕಲಂ 52 ಪಾಠದ ಸಲುವಾಗಿ ಶಿಕ್ಷಕರು, ವಿದ್ಯಾರ್ಥಿಗಳು ಮಾಡುವ ನಕಲಿಗೆ ಅವಕಾಶ ಕೊಡುತ್ತದೆ. ಈ ಉದಾರತೆ ಉಳಿಯಬೇಕು. ಒಂದೇ ಎಚ್ಚರ: ಶಿಷ್ಯರಿಗೆ ಕೊಟ್ಟ ಪ್ರತಿಯನ್ನು ಊರಿಗೆಲ್ಲ ತೆರೆದ ಕೊಂಡಿಯಲ್ಲಿ ಹಾಕಿದ ಕೂಡಲೇ ಅದು ಪಾಠವಾಗಿ ಉಳಿಯುವುದಿಲ್ಲ.

ಅಂತರಜಾಲಕ್ಕೆ ಗಡಿಯಿಲ್ಲದಿದ್ದರೂ ಕಾಪಿರೈಟಿಗಿದೆ. 2006ರಲ್ಲಿ ಕೆನಡಾದಲ್ಲಿ ಶುರುವಾದ ಐಎಂಎಸ್‌ಎಲ್‌ಪಿ ಎಂಬ ಸ್ವರಲಿಪಿ ಭಂಡಾರ ಈ ಕಾರಣಕ್ಕೇ 2007ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಬೇಕಾಯಿತು. ಕೆನಡಾದಲ್ಲಿ ಆಗ ಜೀವಿತದ ನಂತರ 50 ವರ್ಷ, ಯುರೋಪಿನಲ್ಲಿ 70. ವಿಯೆನ್ನಾದ ಯೂನಿವರ್ಸಲ್ ಎಡಿಷನ್ ಪ್ರಕಾಶನ ನೋಟಿಸ್ ಕಳಿಸಿತ್ತು. 2008ರ ಜೂನ್ ಕೊನೆಗೆ ಮತ್ತೆ ತೆರೆಯಿತು. ಈಗ ಯಾವ ಕೃತಿ ಯಾವ ದೇಶದಲ್ಲಿ ಮುಕ್ತವಲ್ಲ ಎಂದು ಕಡತಗಳ ಮೇಲೆ ಗುರುತು ಇರುತ್ತದೆ. ರಷ್ಯದಲ್ಲಿ ಹುಟ್ಟಿದ ಸಂಗೀತಕಾರ ಸ್ಟ್ರಾವಿನ್ಸ್ಕಿ 1913ರಲ್ಲಿ ಅಚ್ಚು ಹಾಕಿಸಿದ ಕೃತಿ ಅಮೆರಿಕದಲ್ಲೂ ಕೆನಡಾದಲ್ಲೂ ಮುಕ್ತ. ಅವನು ತೀರಿಕೊಂಡದ್ದು 1971ರಲ್ಲಾದ್ದರಿಂದ ಜರ್ಮನಿಯಲ್ಲಿ 2041ರ ಕೊನೆಯವರೆಗೆ ಕಾಯಬೇಕು.

ಭಾರತದ ಕೃತಿಗೆ ಯುರೋಪಿನಲ್ಲಿ ಒಂದು ಅನುಕೂಲವಿದೆ. ಐರೋಪ್ಯ ಒಕ್ಕೂಟದ ಹೊರಗಿನ ದೇಶದ, ಅಲ್ಲಿಯದೇ ಪ್ರಜೆಯ ಕೃತಿಗೆ ಮೂಲ ದೇಶದಲ್ಲಿ ಅವಧಿ ಮುಗಿದರೆ ಒಕ್ಕೂಟದಲ್ಲೂ ಮುಗಿಯಿತು. ವಾಸುದೇವಾಚಾರ್ಯರ ಕೃತಿಗೆ ಜರ್ಮನಿಯಲ್ಲಿ 70 ವರ್ಷ ಎಣಿಸಬೇಕಿಲ್ಲ. ಅಮೆರಿಕ ಈ ನಿಯಮ ಒಪ್ಪುವುದಿಲ್ಲ. ಅಲ್ಲಿ ನೋಡಬೇಕಾದ ಗೆರೆ 1941. ಆ ವರ್ಷಕ್ಕಿಂತ ಮೊದಲೇ ತೀರಿಕೊಂಡವರು ಬದುಕಿದ್ದಾಗ ಪ್ರಕಟಿಸಿದ ಭಾರತೀಯ ಕೃತಿಗಳು ಆಗಿನ 50 ವರ್ಷದ ಲೆಕ್ಕದಂತೆ 1996ರ ಹೊತ್ತಿಗೆ ಭಾರತದಲ್ಲಿ ಮುಕ್ತವಾಗಿದ್ದರಿಂದ ಅಮೆರಿಕದಲ್ಲೂ ಮುಕ್ತ. 1941ರಲ್ಲಿ ಅಥವಾ ಆಮೇಲೆ ತೀರಿಕೊಂಡವರದಾದರೆ ಪ್ರಕಟಣೆಯಿಂದ 95 ವರ್ಷ: 1935ರಲ್ಲಿ ಅಚ್ಚಾದ ಪುಸ್ತಕಕ್ಕೆ ಅಮೆರಿಕದಲ್ಲಿ 2030ರ ಕೊನೆಯವರೆಗೂ ರಕ್ಷಣೆ. ಸರ್ವರ್ ಅಮೆರಿಕದ್ದಾದರೆ ಈ ಲೆಕ್ಕ ತಪ್ಪದು.

ಇಷ್ಟೆಲ್ಲ ಗೋಜಲಿಗೆ ನೇರ ದಾರಿಯೊಂದಿದೆ. ಹಳೆಯ ಮೂಲ ಹಿಡಿದು ಹೊಸದಾಗಿ ನಾವೇ ಸ್ವರಲಿಪಿ ಬರೆಯುವುದು. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳಿಗೆ ಸುಬ್ಬರಾಮ ದೀಕ್ಷಿತರು 1904ರಲ್ಲಿ ತೆಲುಗು ಲಿಪಿಯಲ್ಲಿ ತಂದ ಸಂಗೀತ ಸಂಪ್ರದಾಯ ಪ್ರದರ್ಶಿನಿ ಇದೆ. ಅವರು 1906ರಲ್ಲೇ ತೀರಿಕೊಂಡದ್ದರಿಂದ ಆ ಮೂಲ ಎಲ್ಲೆಡೆ ಮುಕ್ತ. ಅದರ ಈಚಿನ ಅನುವಾದಗಳು ಹಾಗಲ್ಲ. ಮೂಲವನ್ನು ಸ್ಕ್ಯಾನ್ ಮಾಡುವಾಗ ಇಂಚಿಗೆ 600 ಚುಕ್ಕಿಯ ಕಪ್ಪು-ಬಿಳುಪು ಇಡಿ, ಶೀರ್ಷಿಕೆ ಪುಟ ಮತ್ತು ಮುದ್ರಣದ ವರ್ಷವಿರುವ ಪುಟವನ್ನು ಬಿಡಬೇಡಿ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಚಿತ್ರ ಕುಗ್ಗಿ, ಕೆಳಗಿನ ಸ್ಥಾಯಿ ತೋರಿಸುವ ಮಂದ್ರದ ಚುಕ್ಕಿ, ಮೇಲಿನ ಸ್ಥಾಯಿ ತೋರಿಸುವ ತಾರದ ಚುಕ್ಕಿ ಮಾಸಿಹೋಗುತ್ತವೆ. ಚುಕ್ಕಿ ಹೋದ ನಿಷಾದ ಮಧ್ಯಸ್ಥಾಯಿಗೆ ಏರುತ್ತದೆ, ಕಲಿಯುವವರು ಅದನ್ನೇ ಪಾಠ ಎಂದು ನಂಬುತ್ತಾರೆ. ಪಿಡಿಎಫ್ ಆಗಿಯೇ ಕಳಿಸಿ. ಟೈಪ್ ಮಾಡುವವರು ಯೂನಿಕೋಡ್ ಬಳಸಿ. ಹಳೆಯ ಫಾಂಟುಗಳಲ್ಲಿ ಮಾಡಿದ ಕಡತ ಬೇರೆಯವರ ಗಣಕದಲ್ಲಿ ತೆರೆದಾಗ ಓದಲು ಬಾರದು. ಪುಟದ ಕೆಳಗೆ ಮೂಲ, ವರ್ಷ, ಸ್ವರ ಹಾಕಿದವರ ಹೆಸರು, ಇತರರು ಹೇಗೆ ಬಳಸಬಹುದೆಂದು ತಿಳಿಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಹೆಸರು ಇರಲಿ.

ಅವಧಿ ಮುಗಿಯದ ಕೃತಿಗೆ ವಾರಸುದಾರರನ್ನು ಕೇಳಿ. ಅನೇಕರು ಸಂತೋಷದಿಂದ ಒಪ್ಪುತ್ತಾರೆ, ಕೇಳುವವರೇ ಕಡಿಮೆ. ಬಾಯಿಮಾತು ಸಾಲದು, ಬರಹದಲ್ಲಿ ಬೇಕು. ಅವಧಿ ನಮೂದಿಸದಿದ್ದರೆ ನಮ್ಮ ಕಾಯಿದೆ ಅದನ್ನು 5 ವರ್ಷ ಎಂದು ತಿಳಿಯುತ್ತದೆ. ಪ್ರದೇಶ ಹೇಳದಿದ್ದರೆ ಅನುಮತಿ ಭಾರತಕ್ಕೆ ಮಾತ್ರ. ಹಾಗಾಗಿ ಯಾವ ಕೃತಿ, ಯಾವ ರೂಪ, ಉಚಿತವೇ ಎಂಬುದರ ಜತೆಗೆ 'ಜಗತ್ತಿನಾದ್ಯಂತ' ಮತ್ತು 'ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ' ಎಂಬ ಎರಡು ಮಾತು ಆ ಪತ್ರದಲ್ಲಿ ಇರಲೇಬೇಕು.